ನಿಮ್ಮಮ್ಮ ಹೇಳೋದೂ ನಿಜ, ಆ 5 ಕೂಡ ನಿಜ

ಎಚ್‌ಟಿಎಲ್‌ವಿ-1 ವೈರಸ್ಸಿಂದ ಬೆನ್ನುಹುರಿ ಕಾಯಿಲೆ ಆಗಿರೋ ಅಮ್ಮನ ಒಸಾಮೆ ಸ್ಕೋರು (ಓಡಾಟ ಎಷ್ಟು ಕಷ್ಟ ಅಂತ ಹೇಳೋ ನಂಬರು, ಏರಿದಷ್ಟೂ ಕಷ್ಟ ಜಾಸ್ತಿ) ಎರಡು ವರ್ಷದಿಂದ 5ರಲ್ಲೇ ಇದೆ, ಅವರು ಮಾತ್ರ ಜಾಸ್ತಿ ಆಗಿದೆ ಅಂತಾರೆ, ಬೇರೆ ಯಾವ ಸ್ಕೋರು ಹಾಕಿಸಲಿ ಅಂತ ಕೇಳಿದ್ದೀರಿ. ಓದ್ತಿದ್ದ ಹಾಗೇ ನಮ್ಮವ್ವನ ಎಡಗಾಲಿನ ಹವಾಯಿ ಚಪ್ಪಲಿ ಕಣ್ಮುಂದೆ ಬಂತು. ಕಾಲು ಎಳೆದು ಎಳೆದು ಹೆಬ್ಬೆರಳ ಹತ್ರ ತೂತಾಗಿತ್ತು, ಹಿಮ್ಮಡಿ ಕಡೆ ಮಾತ್ರ ಅಂಗಡಿಯಿಂದ ತಂದ ಹಾಗೇ ಇತ್ತು.

ನಮ್ಮದು ಮಂಡ್ಯ. ಅವ್ವನಿಗೂ ಇದೇ ಕಾಯಿಲೆ ಅಂತ ಗೊತ್ತಾದ ಮೇಲೆ ಡಾಕ್ಟರು ಪ್ರೆಡ್ನಿಸೊಲೋನ್ ಅನ್ನೋ ಸ್ಟೆರಾಯ್ಡ್ ಮಾತ್ರೆ ಶುರು ಮಾಡೋಕೆ ಮುಂಚೆ ನನಗೊಂದು ಕೆಲಸ ಕೊಟ್ಟರು: ಹತ್ತು ಮೀಟರ್ ನಡೆಯೋಕೆ ಎಷ್ಟು ಸೆಕೆಂಡ್ ಆಗುತ್ತೆ, ಮನೇಲಿ ನೋಡಿ ಬರಕೊಂಡು ಬನ್ನಿ. ನಮ್ಮ ಹಜಾರ ಇರೋದೇ ಆರು ಮೀಟರ್. ಬೀದಿಗೆ ಬಾ ಅಂದ್ರೆ ಅವ್ವ, "ಕೋಲ್ ಹಿಡ್ಕಂಡು ಬೀದೀಲಿ ಪೆರೇಡ್ ಮಾಡ್ಲಾ? ನಾ ಬರಾಕಿಲ್ಲ ಕಣ್ಲಾ" ಅಂದಳು. ಸರಿ, ಐದು ಮೀಟರ್ ಹೋಗಿ ತಿರುಗಿ ಐದು ಮೀಟರ್ ಬಂದರೆ ಹತ್ತಾಯ್ತಲ್ಲ ಅಂತ ಲೆಕ್ಕ ಹಾಕಿದೆ. 26 ಸೆಕೆಂಡ್. ಬರೆದುಕೊಂಡು ಹೋಗಿ ಕೊಟ್ಟೆ.

ಮೂರು ತಿಂಗಳಾದ ಮೇಲೆ ಆಸ್ಪತ್ರೆ ಕಾರಿಡಾರಿನಲ್ಲಿ ನಡೆಸಿದರು. 19 ಸೆಕೆಂಡ್! ಖುಷಿಯಲ್ಲಿ ಬರ್ತಾ ಮದ್ದೂರು ವಡೆ ಕಟ್ಟಿಸಿಕೊಂಡು ಬಂದೆವು. ಮಾತ್ರೆ ಹಿಡಿದಿದೆ ಅಂತ ಡಾಕ್ಟರು ಇನ್ನೂ ಏಳು ತಿಂಗಳು ಮುಂದುವರಿಸಿದರು. ಅಷ್ಟರಲ್ಲಿ ಅವ್ವನ ಮುಖ ಊದಿತು, ಖಾಲಿ ಹೊಟ್ಟೆಯ ಶುಗರ್ 240 ದಾಟಿತು, ಇನ್ಸುಲಿನ್ ಚುಚ್ಚೋದು ಕಲಿಯೋ ಹಾಗಾಯ್ತು.

ಆಮೇಲೆ ಮನೆಗೆ ಬರ್ತಿದ್ದ ಫಿಸಿಯೋಥೆರಪಿ ಹುಡುಗಿ ನನ್ನ ನೋಟ್‌ಬುಕ್ ನೋಡಿ, "ಮೊದಲನೇ ಸಲ ಎಲ್ಲಿ ನಡೆಸಿದ್ರಿ ಅಣ್ಣ?" ಅಂದಳು. ಹೇಳಿದೆ. ಏನೂ ಮಾತಾಡದೆ ಅವ್ವನನ್ನ ಹಜಾರದಲ್ಲಿ ಹೋಗಿ ಬರೋ ಹಾಗೆ ನಡೆಸಿದಳು: 27. ಅರ್ಧ ಗಂಟೆ ಕೂರಿಸಿ, ದೇವಸ್ಥಾನದ ಅಂಗಳಕ್ಕೆ ಕರೆದುಕೊಂಡು ಹೋಗಿ ನೇರ ಹತ್ತು ಮೀಟರ್ ನಡೆಸಿದಳು: 20.

ಅದೇ ಅವ್ವ, ಅದೇ ಬೆಳಿಗ್ಗೆ, ಅದೇ ಕೋಲು. ಆ ಏಳು ಸೆಕೆಂಡ್ ಇದ್ದಿದ್ದು ತಿರುವಿನಲ್ಲಿ. ಕಾಲು ಸೆಟೆದುಕೊಂಡಿರೋರಿಗೆ ನೇರ ನಡೆಯೋದಕ್ಕಿಂತ ತಿರುಗೋದು ಕಷ್ಟ. ನಿಲ್ಲಬೇಕು, ಕೋಲು ಊರಬೇಕು, ಒಂದೊಂದೇ ಪಾದ ಎತ್ತಿಡಬೇಕು, ಮತ್ತೆ ನಿಂತ ಜಾಗದಿಂದ ಹೊರಡಬೇಕು. ಮಾತ್ರೆಯಿಂದ ಒಂದು ಸೆಕೆಂಡೂ ಉಳಿದಿರಲಿಲ್ಲ. ಡಾಕ್ಟರು ನೋಡಿದ್ದು ಎರಡು ನಂಬರು. ಎರಡನ್ನೂ ಬೇರೆ ಬೇರೆ ರೀತಿ ಅಳೆದಿದ್ದು ಅಂತ ಅವರಿಗೆ ಹೇಳಬೇಕಾಗಿದ್ದವನು ನಾನು. ಹಜಾರ ಚಿಕ್ಕದು, ತಿರುಗಿಸಿದೆ ಅಂತ ಪಕ್ಕದಲ್ಲಿ ಒಂದು ಸಾಲು ಬರೆದಿದ್ದರೆ ಸಾಕಿತ್ತು. (ಸ್ಟೆರಾಯ್ಡ್ ಕೆಲವರಿಗೆ, ಅದರಲ್ಲೂ ಕಾಯಿಲೆ ಬೇಗ ಬೇಗ ಏರುತ್ತಿರೋರಿಗೆ, ಕೆಲಸ ಮಾಡುತ್ತೆ. ಇದನ್ನ ಓದಿ ನೀವಾಗೇ ಮಾತ್ರೆ ನಿಲ್ಲಿಸಬೇಡಿ. ಅದನ್ನ ಡಾಕ್ಟರು ಹೇಳಿದ ಹಾಗೆ ಸ್ವಲ್ಪ ಸ್ವಲ್ಪ ಇಳಿಸಬೇಕು.)

ಹಾಗಾಗಿ ಯಾವ ಸ್ಕೋರು ಅನ್ನೋ ನಿಮ್ಮ ಪ್ರಶ್ನೇನೇ ನನಗೆ ಸರಿ ಕಾಣಲ್ಲ. ಒಸಾಮೆ ಸ್ಕೋರು 0ಯಿಂದ 13ರವರೆಗೆ ಇರುತ್ತೆ. 1986ರಲ್ಲಿ ಜಪಾನಿನ ಕಾಗೋಶಿಮಾದಲ್ಲಿ ಈ ಕಾಯಿಲೆ ಗುರುತಿಸಿದ ಡಾಕ್ಟರ ಹೆಸರೇ ಅದಕ್ಕೂ ಇದೆ. 4 ಅಂದ್ರೆ ಮೆಟ್ಟಿಲಿಗೆ ಕಂಬಿ ಬೇಕು, 5 ಅಂದ್ರೆ ಒಂದು ಕೋಲು ಬೇಕು, 6 ಅಂದ್ರೆ ಎರಡೂ ಕಡೆ ಆಸರೆ. ಕೋಲು ಹಿಡಿದು ಸಂತೆಗೆ ಹೋಗಿ ಬರೋರೂ 5, ಅದೇ ಕೋಲಲ್ಲಿ ಬಚ್ಚಲಿಗೆ ಹೋಗೋಕೆ ಒದ್ದಾಡೋರೂ 5. ಸ್ಕೋರು ಒಂದೇ ನಂಬರಿನಲ್ಲಿ ವರ್ಷಗಟ್ಟಲೆ ಕೂತುಬಿಡುತ್ತೆ. ಜೊತೆಗೆ ಅದು ನೋಡೋದು ಬರೀ ಓಡಾಟ. ಮೂತ್ರದ ತೊಂದರೆಗೆ ಅದರಲ್ಲಿ ಜಾಗವೇ ಇಲ್ಲ, ಈ ಕಾಯಿಲೇಲಿ ಜನ ಅಳೋದು ಅದಕ್ಕೇ ಜಾಸ್ತಿ. ಇಡಿಎಸ್‌ಎಸ್ ಅನ್ನೋ ಇನ್ನೊಂದು ಸ್ಕೋರು ಮಲ್ಟಿಪಲ್ ಸ್ಕ್ಲೆರೋಸಿಸ್ ಅನ್ನೋ ಬೇರೆ ನರದ ಕಾಯಿಲೆಗೆ ಮಾಡಿದ್ದು. ಮೂತ್ರ, ಮಲದ ತೊಂದರೆ ಅದರಲ್ಲಿ ಸೇರುತ್ತೆ ನಿಜ, ಆದರೆ ನಿಮ್ಮಮ್ಮನ ಹಂತದಲ್ಲಿ ಅದೂ ಮುಖ್ಯವಾಗಿ ನಡೆಯೋ ದೂರದ ಮೇಲೇ ನಿಲ್ಲುತ್ತೆ. ಅಂಗವಿಕಲ ಸರ್ಟಿಫಿಕೇಟಿನ ಶೇಕಡಾವಾರು ಲೆಕ್ಕ ಬೇರೆಯದೇ. 40 ದಾಟಿತಾ ಅನ್ನೋದು ಸೌಲಭ್ಯಕ್ಕೆ ಬೇಕು, ಕಾಯಿಲೆ ಏರಿತಾ ಅಂತ ಅದನ್ನ ಕೇಳೋಕಾಗಲ್ಲ.

ಒಸಾಮೆ ಇರಲಿ. ಅದರ ಪಕ್ಕಕ್ಕೆ ಸೆಕೆಂಡ್ ಸೇರಿಸಿ. ಒಂದೇ ಜಾಗ, ನೇರ ಹತ್ತು ಮೀಟರ್, ಟೇಪ್ ಹಿಡಿದು ಅಳೆದು ಸುಣ್ಣದ ಗೆರೆ ಎಳೆಯಿರಿ. ಅದೇ ಕೋಲು, ಅದೇ ಚಪ್ಪಲಿ. ಕಾಲಿನ ಸೆಟೆತ ಇಳಿಸೋ ಬ್ಯಾಕ್ಲೋಫೆನ್ ಮಾತ್ರೆ ತಗೋತಿದ್ರೆ ಮಾತ್ರೆ ಆದ ಎಷ್ಟು ಹೊತ್ತಿಗೆ ನಡೆಸ್ತೀರೋ ಪ್ರತಿ ಸಲವೂ ಅಷ್ಟೇ ಹೊತ್ತಿಗೆ. ಮೂತ್ರಕ್ಕೆ ಹೋಗಿಬಂದ ಮೇಲೆ ನಡೆಸಿ, ಮೂತ್ರಕೋಶ ತುಂಬಿದ್ರೆ ಕಾಲು ಇನ್ನೂ ಸೆಟೆಯುತ್ತೆ. ಜ್ವರವೋ ಉರಿಮೂತ್ರವೋ ಇದ್ದ ವಾರ ಅಳೆಯಲೇಬೇಡಿ. ಒಂದು ಸಲ ನಮ್ಮವ್ವನಿಗೆ ಇನ್ಫೆಕ್ಷನ್ ಆದಾಗ 20 ಇದ್ದದ್ದು 34 ಆಗಿ ನನ್ನ ಜೀವ ಹೋದಷ್ಟಾಯ್ತು, ಹತ್ತು ದಿನಕ್ಕೆ ಇಳಿಯಿತು. ಇನ್ನೊಂದು, ಪಕ್ಕದಲ್ಲಿ ತೋಳು ಹಿಡಿಯಬೇಡಿ. ಬೀಳದ ಹಾಗೆ ಒಂದು ಹೆಜ್ಜೆ ಹಿಂದೆ ಇರಿ.

ರಾತ್ರಿ ಎಷ್ಟು ಸಲ ಎದ್ದರು, ಎಷ್ಟು ಸಲ ಬಚ್ಚಲು ಮುಟ್ಟೋಕೆ ಮುಂಚೆ ಸೀರೆ ಒದ್ದೆ ಆಯ್ತು, ಇದನ್ನ ನೀವು ಗಂಡುಮಗ ಆಗಿದ್ರೆ ಅಮ್ಮ ನಿಮಗೆ ಹೇಳಲ್ಲ. ನನಗೂ ಹೇಳಿರಲಿಲ್ಲ, ನನ್ನ ಹೆಂಡತಿ ಕೇಳಿ ಬರೆದಿದ್ದು. "ಜಾಸ್ತಿ ಆಗಿದೆ" ಅಂತ ನಿಮ್ಮಮ್ಮ ಹೇಳ್ತಿರೋದು ಇದೇ ಇರಬಹುದು. ಡಾಕ್ಟರನ್ನ ಬದಲಿಸೋ ಯೋಚನೆ ಏನಾದ್ರೂ ಇದ್ರೆ ಅದು ಆಮೇಲೆ, ಮೊದಲು ಮನೇಲಿ ಹೆಂಗಸರು ಯಾರಾದ್ರೂ ಇದ್ರೆ ಅವರ ಕೈಲಿ ಕೇಳಿಸಿ. ಬರೆದ ಚೀಟಿನ ಮುಂದಿನ ಸಲ ಒಸಾಮೆ ನಂಬರಿನ ಜೊತೆ ಮೇಜಿನ ಮೇಲಿಡಿ.