ನೂರಕ್ಕೆ ಎಂಬತ್ತೈದು ಯಾರು ಕೊಟ್ಟರು?

"ಕಳೆದ ಸಂಚಿಕೆಯ ಪುಟ್ಟ ಟಿಪ್ಪಣಿಯಲ್ಲಿ ಮಾಸ್ಟರ್ ಪಿ ಅನ್ನೋ ಅಮೆರಿಕದ ರ‍್ಯಾಪರ್ ತನ್ನ ನೋ ಲಿಮಿಟ್ ರೆಕಾರ್ಡ್ಸ್‌ಗೆ ಮಾರಾಟದ ನೂರಕ್ಕೆ 85 ಪಾಲು ಉಳಿಸಿಕೊಂಡ ಅಂತ ಬರೆದಿದ್ದೀರಿ. ನಾನು ಕನ್ನಡದಲ್ಲಿ ರ‍್ಯಾಪ್ ಮಾಡುತ್ತೇನೆ, ಗೆಳೆಯರ ಜೊತೆ ಹಾಡು ಹೊರತರುವ ಸಣ್ಣದೊಂದು ಲೇಬಲ್ ಶುರು ಮಾಡುವ ಯೋಚನೆ ಇದೆ. ನಿಮ್ಮ ಲೆಕ್ಕ ನಂಬೋಕೆ ಆಗುತ್ತಿಲ್ಲ. ಯಾವ ಕಂಪನಿ ಅಷ್ಟೊಂದು ಬಿಟ್ಟುಕೊಡುತ್ತೆ? ಅಂಥ ಒಪ್ಪಂದ ಕೈಯಲ್ಲಿದ್ದರೂ ಆ ಲೇಬಲ್ ಯಾಕೆ ಮುಳುಗಿತು? ಕೇಳೋಕೆ ಶುರು ಮಾಡುವುದಾದರೆ ಎಲ್ಲಿಂದ?"
— ಓದುಗರೊಬ್ಬರು, ದಾವಣಗೆರೆ

ಪ್ರಿಯ ಓದುಗರೇ,

ನಾಲ್ಕು ಸಾಲಿನ ಟಿಪ್ಪಣಿಯಲ್ಲಿ ಆ ಅಂಕಿ ಒಂಟಿಯಾಗಿ ನಿಂತಿತ್ತು. ಹಾಗಾಗಿ ನಿಮಗೆ ಅನುಮಾನ ಬಂದಿದ್ದು ಸಹಜ. ಮೊದಲು ಅದನ್ನೇ ಬಿಡಿಸೋಣ.

ಆ ಕಾಲದಲ್ಲಿ ಹೊಸ ಹಾಡುಗಾರ ದೊಡ್ಡ ಕಂಪನಿಗೆ ಸಹಿ ಹಾಕಿದರೆ ಅವನಿಗೆ ಮುಂಗಡ ಹಣ ಸಿಗುತ್ತಿತ್ತು. ಆಮೇಲೆ ಮಾರಾಟದಲ್ಲಿ ನೂರಕ್ಕೆ ಹತ್ತೋ ಹದಿನೈದೋ ರಾಯಲ್ಟಿ. ಅದೂ ಸ್ಟುಡಿಯೊ ಖರ್ಚು, ಮುಂಗಡ, ವಿಡಿಯೊ ಖರ್ಚಿನಲ್ಲಿ ಒಂದು ಭಾಗ, ಎಲ್ಲ ಕಳೆದ ಮೇಲೆ. ಮಾಸ್ಟರ್, ಅಂದರೆ ಮೂಲ ಧ್ವನಿಮುದ್ರಣ, ಕಂಪನಿಯದೇ. ನಮ್ಮ ಸಿನಿಮಾ ಹಾಡುಗಳ ಹಕ್ಕು ಆಡಿಯೊ ಕಂಪನಿಗೆ ಹೋದ ಮೇಲೆ ಹಾಡಿದವರಿಗೆ ಅದರ ಮೇಲೆ ಎಷ್ಟು ಹಿಡಿತ ಉಳಿಯುತ್ತದೆ ಅಂತ ನಿಮಗೆ ಗೊತ್ತಲ್ವಾ?

ಮಾಸ್ಟರ್ ಪಿ ಮಾಡಿಕೊಂಡಿದ್ದು ಆ ಥರದ ಒಪ್ಪಂದವೇ ಅಲ್ಲ. ಸ್ಟುಡಿಯೊ, ಮುಖಪುಟ, ಜಾಹೀರಾತು, ವಿಡಿಯೊ, ಎಲ್ಲದರ ದುಡ್ಡೂ ನೋ ಲಿಮಿಟ್‌ದು. ಕ್ಯಾಸೆಟ್ ಮತ್ತು ಸಿ.ಡಿ. ಅಚ್ಚು ಹಾಕಿಸಿ ಅಂಗಡಿಗೆ ತಲುಪಿಸುವುದು ಪ್ರಯಾರಿಟಿ ರೆಕಾರ್ಡ್ಸ್ ಎಂಬ ಕಂಪನಿಯ ಕೆಲಸ. ಆ ಕೆಲಸಕ್ಕೆ ಪ್ರಯಾರಿಟಿಗೆ 15, ಉಳಿದ 85 ನೋ ಲಿಮಿಟ್‌ಗೆ, ಮಾಸ್ಟರ್ ಪೂರ್ತಿ ನೋ ಲಿಮಿಟ್‌ದೇ. ಹಾಗಾಗಿ 85 ಅಂದರೆ ಲಾಭ ಅಲ್ಲ. ಅದರಲ್ಲೇ ಎಲ್ಲ ಖರ್ಚೂ ಹೋಗಬೇಕು. ಆಲ್ಬಂ ಓಡದಿದ್ದರೆ ನಷ್ಟವೂ ಅವನದೇ. ಪ್ರಯಾರಿಟಿ ದಾನ ಮಾಡಲಿಲ್ಲ, ಅಪಾಯವನ್ನು ಆ ಕಡೆ ದಾಟಿಸಿತು.

ಹಾಗಾದರೆ ಅಷ್ಟು ಅಪಾಯ ಹೊರುವ ಧೈರ್ಯ ಅವನಿಗೆ ಎಲ್ಲಿಂದ ಬಂತು? ನನ್ನ ಪ್ರಕಾರ ಈ ಇಡೀ ಕಥೆಯಲ್ಲಿ ನಿಮಗೆ ಬೇಕಾದ ಭಾಗ ಇದೇ. ಎಲ್ಲರೂ ಓಡಿಸಿಕೊಂಡು ಹೋಗುವ ಭಾಗವೂ ಇದೇ.

ಅವನ ನಿಜ ಹೆಸರು ಪರ್ಸಿ ಮಿಲ್ಲರ್. ಲೂಸಿಯಾನಾ ರಾಜ್ಯದ ನ್ಯೂ ಆರ್ಲಿಯನ್ಸ್‌ನವನು. ಬೆಳೆದಿದ್ದು ಕ್ಯಾಲಿಯೋಪ್ ಎಂಬ ಸರ್ಕಾರಿ ವಸತಿ ಸಮುಚ್ಚಯದಲ್ಲಿ. ಬಡತನವೂ ಗುಂಡಿನ ಸದ್ದೂ ಮಾಮೂಲಾಗಿದ್ದ ಜಾಗ. ಅವನ ತಮ್ಮ ಕೆವಿನ್ 1990ರಲ್ಲಿ ಅದೇ ಊರಿನಲ್ಲಿ ಕೊಲೆಯಾದ. ಪರ್ಸಿ ಬ್ಯಾಸ್ಕೆಟ್‌ಬಾಲ್ ಚೆನ್ನಾಗಿ ಆಡುತ್ತಿದ್ದ. ಅದರಿಂದಲೇ ಹ್ಯೂಸ್ಟನ್ ವಿಶ್ವವಿದ್ಯಾಲಯಕ್ಕೆ ಸೀಟು ಸಿಕ್ಕಿತ್ತು. ಅಲ್ಲಿ ನಿಲ್ಲಲಿಲ್ಲ. ಕ್ಯಾಲಿಫೋರ್ನಿಯಾಕ್ಕೆ ಹೋಗಿ ಓಕ್ಲೆಂಡಿನ ಮೆರಿಟ್ ಕಾಲೇಜಿನಲ್ಲಿ ಸ್ವಲ್ಪ ಕಾಲ ಓದಿದ. ತಾತ ತೀರಿಕೊಂಡ ಮೇಲೆ ಸುಮಾರು 10,000 ಡಾಲರ್ ಕೈಗೆ ಬಂತು. ಆ ದುಡ್ಡಿನಲ್ಲಿ ಪಕ್ಕದ ರಿಚ್ಮಂಡ್ ಊರಿನಲ್ಲಿ ಒಂದು ಕ್ಯಾಸೆಟ್ ಅಂಗಡಿ ಹಾಕಿದ. ಅಂಗಡಿಯ ಹೆಸರು ನೋ ಲಿಮಿಟ್.

ಗಮನಿಸಿ, ಮೊದಲು ಅಂಗಡಿ, ಆಮೇಲೆ ಲೇಬಲ್. ಗಲ್ಲಾದ ಮೇಲೆ ಕೂತವನಿಗೆ ರೇಡಿಯೊದವರಿಗೂ ಪತ್ರಿಕೆಯವರಿಗೂ ಕಾಣದ ಸಂಗತಿ ಕಾಣುತ್ತದೆ. ಬಂದ ಹುಡುಗರು ಯಾವ ಕ್ಯಾಸೆಟ್ ಕೇಳುತ್ತಾರೆ, ಯಾವುದು ಸ್ಟಾಕ್ ಇಲ್ಲ ಅಂದರೆ ಬೇಜಾರಾಗಿ ಹೋಗುತ್ತಾರೆ, ಎಷ್ಟು ದುಡ್ಡಿಗೆ ಕೈ ಜೇಬಿಗೆ ಹೋಗುತ್ತೆ, ಇದೆಲ್ಲ. ಜೊತೆಗೆ ಊರೂ ಸರಿಯಾಗಿತ್ತು. ಓಕ್ಲೆಂಡ್ ಸುತ್ತಮುತ್ತ ಕಾರಿನ ಡಿಕ್ಕಿಯಲ್ಲಿ ಕ್ಯಾಸೆಟ್ ತುಂಬಿಕೊಂಡು ಮಾರುವ ಅಭ್ಯಾಸ ಮೊದಲೇ ಇತ್ತು. ಟೂ ಶಾರ್ಟ್ ಎಂಬ ರ‍್ಯಾಪರ್ ಹಾಗೇ ಹೆಸರು ಮಾಡಿದವನು. ಹತ್ತಿರದ ವಲೆಹೋದಲ್ಲಿ ಇ-40 ತನ್ನದೇ ಲೇಬಲ್ ಕಟ್ಟಿ ಮನೆಮಂದಿಯ ಜೊತೆ ಹಾಡು ತರುತ್ತಿದ್ದ. ನ್ಯೂಯಾರ್ಕಿನ ಕಂಪನಿಯ ಬಾಗಿಲು ತಟ್ಟದೆಯೂ ಬದುಕಬಹುದು ಎಂದು ಪಿ ಕಣ್ಣಾರೆ ಕಂಡಿದ್ದು ಅಲ್ಲಿ.

ಅವನ ಮೊದಲ ಆಲ್ಬಂ 1991ರಲ್ಲಿ ಬಂತು. ನಿಜ ಹೇಳಬೇಕೆಂದರೆ ಅದರಲ್ಲಿ ವಿಶೇಷ ಏನೂ ಇಲ್ಲ. ಪಿ ಯಾವತ್ತೂ ಭಾರೀ ರ‍್ಯಾಪರ್ ಆಗಿರಲಿಲ್ಲ. ಪ್ರಾಸ ಸಾದಾ, ಉಸಿರು ಭಾರ. ಆದರೆ ಅಂಗಡಿಯಿಂದ ಅಂಗಡಿಗೆ ಹೋಗಿ ಮಾರುವುದರಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಕ್ಯಾಲಿಫೋರ್ನಿಯಾದ ಜೊತೆಗೆ ದಕ್ಷಿಣದ ರಾಜ್ಯಗಳ ಮೇಲೂ ಕಣ್ಣಿಟ್ಟ. ಆಗ ರ‍್ಯಾಪ್ ಅಂದರೆ ನ್ಯೂಯಾರ್ಕ್ ಅಥವಾ ಲಾಸ್ ಏಂಜಲಿಸ್ ಅಷ್ಟೇ. ದಕ್ಷಿಣದ ಹುಡುಗರ ಉಚ್ಚಾರ, ಅವರ ಬೀದಿ, ಅವರ ಕುಣಿತದ ತಾಳ ಇವಕ್ಕೆಲ್ಲ ಯಾರೂ ಬೆಲೆ ಕೊಡುತ್ತಿರಲಿಲ್ಲ. 1995ರಲ್ಲಿ ಅವನು ತನ್ನ ತಮ್ಮಂದಿರಾದ ಸಿಲ್ಕ್ ದ ಶಾಕರ್ ಮತ್ತು ಸಿ-ಮರ್ಡರ್ ಜೊತೆ 'ಟ್ರೂ' ಎಂಬ ಗುಂಪಿನ ಹೆಸರಲ್ಲಿ ಆಲ್ಬಂ ತಂದ. ಅದರ ಒಂದು ಹಾಡು ದಕ್ಷಿಣದ ಊರೂರಲ್ಲಿ ಹಬ್ಬಿತು. ಅಷ್ಟರಲ್ಲಿ ಅವನು ರಿಚ್ಮಂಡ್ ಬಿಟ್ಟು ತವರು ರಾಜ್ಯಕ್ಕೆ ವಾಪಸ್ಸಾಗುವ ಹಾದಿಯಲ್ಲಿದ್ದ.

ದೊಡ್ಡ ಕಂಪನಿಯೊಂದು 10 ಲಕ್ಷ ಡಾಲರ್ ಚೆಕ್ ಮುಂದಿಟ್ಟಿತ್ತು, ಬೇಡ ಅಂದೆ ಅಂತ ಪಿ ಸಂದರ್ಶನಗಳಲ್ಲಿ ಹೇಳುತ್ತಾ ಬಂದಿದ್ದಾನೆ. ಸ್ವಲ್ಪ ಬಣ್ಣ ಸೇರಿದ್ದರೂ ಇರಬಹುದು, ಕಥೆ ಹೇಳುವುದರಲ್ಲಿ ಅವನು ಜೋರು. ಆದರೆ ಲೆಕ್ಕ ಮಾತ್ರ ಸರಿಯಾಗೇ ಇದೆ. ನನ್ನ ಕ್ಯಾಸೆಟ್ ಎಷ್ಟು ಹೋಗುತ್ತೆ ಅಂತ ನನಗೆ ಗೊತ್ತಿದ್ದು ನಿಮಗೆ ಗೊತ್ತಿಲ್ಲದಿದ್ದರೆ, ನೀವು ಹೇಳುವ ಬೆಲೆ ನಾನು ಯಾಕೆ ಒಪ್ಪಲಿ?

ಪ್ರಯಾರಿಟಿಯ ಒಡೆಯ ಬ್ರಯಾನ್ ಟರ್ನರ್ ಕೂಡ ವಿಚಿತ್ರ ಆಸಾಮಿಯೇ. ಒಣದ್ರಾಕ್ಷಿ ಜಾಹೀರಾತಿನ ಗೊಂಬೆಗಳ ಹಾಡಿನ ಆಲ್ಬಂ ಮಾರಿ ಗೆದ್ದವನು, ಬೆನ್ನಿಗೇ ಎನ್.ಡಬ್ಲ್ಯೂ.ಎ. ಗುಂಪಿನ ಬೀದಿ ರ‍್ಯಾಪನ್ನು ದೇಶಕ್ಕೆಲ್ಲ ಹಂಚಿದವನು. ರೇಡಿಯೊ ಇಲ್ಲದೆಯೂ ಲಕ್ಷಗಟ್ಟಲೆ ಪ್ರತಿ ಹೋಗುತ್ತವೆ ಅಂತ ಅವನಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಹೀಗೆ ಇಬ್ಬರು ವ್ಯಾಪಾರಿಗಳು ಕೂತು ಮಾತಾಡಿದಾಗ ಹುಟ್ಟಿದ್ದು ಆ 85-15.

ಆಮೇಲಿನ ಮೂರು ವರ್ಷ ನೋ ಲಿಮಿಟ್ ಕಾರ್ಖಾನೆಯಂತೆ ನಡೆಯಿತು. ಲೂಸಿಯಾನಾದ ಬ್ಯಾಟನ್ ರೂಜ್‌ನಲ್ಲಿ ಸ್ಟುಡಿಯೊ. 'ಬೀಟ್ಸ್ ಬೈ ದ ಪೌಂಡ್' ಎಂಬ ಹೆಸರಿನಲ್ಲಿ ಕೆ.ಎಲ್.ಸಿ., ಮೋ ಬಿ. ಡಿಕ್, ಕ್ರೇಗ್ ಬಿ., ಓಡೆಲ್ ಎಂಬ ನಾಲ್ವರು ಸಂಗೀತ ಕಟ್ಟುವವರು. ಹೆಚ್ಚುಕಮ್ಮಿ ಎಲ್ಲ ಆಲ್ಬಮ್ಮಿಗೂ ಇವರದೇ ತಾಳ. ಮುಖಪುಟ ಹ್ಯೂಸ್ಟನ್ನಿನ ಪೆನ್ ಅಂಡ್ ಪಿಕ್ಸೆಲ್ ಸಂಸ್ಥೆಯದು. ವಜ್ರ, ಚಿನ್ನ, ಕಾರು, ಬೆಂಕಿ ಎಲ್ಲ ಒಂದೇ ಚಿತ್ರದಲ್ಲಿ. ನೋಡಿದರೆ ನಗು ಬರುತ್ತೆ, ಆದರೆ ಅಂಗಡಿಯ ಕಪಾಟಿನಲ್ಲಿ ದೂರದಿಂದಲೇ ಕಣ್ಣಿಗೆ ಹೊಡೆಯುತ್ತೆ. ಲಾಂಛನ ಒಂದು ಯುದ್ಧಟ್ಯಾಂಕ್. ಪ್ರತಿ ಆಲ್ಬಮ್ಮಿನ ಒಳಪುಟದಲ್ಲಿ ಮುಂದೆ ಬರುವ ಆಲ್ಬಂಗಳ ಚಿತ್ರಗಳ ಸಾಲು. ಒಂದನ್ನು ಕೊಂಡವನಿಗೆ ಇನ್ನೂ ನಾಲ್ಕು ಕಾಣಿಸುತ್ತಿದ್ದವು. ಅಂಗಡಿಯವನ ಬುದ್ಧಿ ನೋಡಿ!

1997ರ ಸೆಪ್ಟೆಂಬರಿನಲ್ಲಿ ಪಿಯ 'ಗೆಟೊ ಡಿ' ಬಿಡುಗಡೆಯಾದ ವಾರವೇ ಅಮೆರಿಕದ ಆಲ್ಬಂ ಮಾರಾಟದ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೆ ಹೋಯಿತು. ಅದೇ ವರ್ಷ ತನ್ನ ದುಡ್ಡಿನಲ್ಲೇ ಒಂದು ಸಿನಿಮಾ ತೆಗೆದು, ಥಿಯೇಟರ್ ಬಿಟ್ಟು ನೇರ ವಿಡಿಯೊ ಕ್ಯಾಸೆಟ್ಟಿನಲ್ಲಿ ಮಾರಿದ. 1998ರಲ್ಲಿ ಒಂದೇ ವರ್ಷಕ್ಕೆ ಇಪ್ಪತ್ತಕ್ಕೂ ಹೆಚ್ಚು ಆಲ್ಬಂ ಹೊರಬಂದವು. ಆ ವರ್ಷದ 'ಎಂ.ಪಿ. ಡಾ ಲಾಸ್ಟ್ ಡಾನ್' ಕೂಡ ಮೊದಲ ಸ್ಥಾನಕ್ಕೇ ಬಂತು. ಅದೇ ತನ್ನ ಕೊನೆಯ ಆಲ್ಬಂ ಅಂತ ಪಿ ಸಾರಿದ್ದ. ಆಗಲಿಲ್ಲ ಬಿಡಿ. ಡೆತ್ ರೋ ಎಂಬ ಲೇಬಲ್ ಬಿಟ್ಟು ಬಂದಿದ್ದ ಸ್ನೂಪ್ ಡಾಗ್ ನೋ ಲಿಮಿಟ್‌ಗೆ ಸೇರಿದ. ಆಗಸ್ಟಿನಲ್ಲಿ ಬಂದ ಅವನ ಆಲ್ಬಂ ಮೊದಲ ವಾರವೇ 5 ಲಕ್ಷ ಪ್ರತಿ ದಾಟಿತು. ವಿಮರ್ಶಕರು ಅದನ್ನು ಚೆನ್ನಾಗಿ ಬೈದರು. ನನಗೂ ಅದು ಸ್ನೂಪ್‌ನ ಮೈಗೆ ಹೊಂದದ ಅಂಗಿ ಅನ್ನಿಸುತ್ತೆ. ಆದರೂ ಹೋಯಿತು, ಟ್ಯಾಂಕಿನ ಗುರುತು ನೋಡಿಯೇ ಜನ ಕೊಳ್ಳುತ್ತಿದ್ದ ಕಾಲ ಅದು. ಆ ವರ್ಷ ಫೋರ್ಬ್ಸ್ ಪತ್ರಿಕೆ ಪಿಯ ಗಳಿಕೆಯನ್ನು 5.65 ಕೋಟಿ ಡಾಲರ್ ಎಂದು ಲೆಕ್ಕ ಹಾಕಿತ್ತು.

ಇನ್ನು ಎರಡನೇ ಪ್ರಶ್ನೆ. ಯಾಕೆ ಮುಳುಗಿತು?

ಜಾಸ್ತಿ ಜನ ಹೇಳುವ ಕಾರಣ, ಆಲ್ಬಂಗಳು ಅತಿಯಾದವು ಅಂತ. ನಿಜವೇ. ಎರಡು ವಾರಕ್ಕೊಂದು ಆಲ್ಬಂ ಬಂದರೆ ಕೇಳುವವನ ಜೇಬೂ ಕಿವಿಯೂ ಸುಸ್ತಾಗುತ್ತವೆ. ಎರಡನೇ ಕಾರಣ, ಪಿಯ ಗಮನ ಹತ್ತು ಕಡೆ ಹಂಚಿಹೋಗಿದ್ದು. ಅವನು ನಿಜವಾಗಿಯೂ ಅಮೆರಿಕದ ದೊಡ್ಡ ಲೀಗ್ ಎನ್.ಬಿ.ಎ. ಬ್ಯಾಸ್ಕೆಟ್‌ಬಾಲ್ ಸೇರಲು ಹೊರಟ. ಷಾರ್ಲಟ್ ಹಾರ್ನೆಟ್ಸ್, ಟೊರಾಂಟೊ ರ‍್ಯಾಪ್ಟರ್ಸ್ ತಂಡಗಳ ಜೊತೆ ಅಭ್ಯಾಸ ಮಾಡಿದ. ಎರಡೂ ಕಡೆ ಕೊನೆಗೆ ಕೈಬಿಟ್ಟರು. ಆಟಗಾರರ ಪರವಾಗಿ ಒಪ್ಪಂದ ಕುದುರಿಸುವ ನೋ ಲಿಮಿಟ್ ಸ್ಪೋರ್ಟ್ಸ್ ಶುರು ಮಾಡಿದ. 1999ರಲ್ಲಿ ಅದು ರಿಕಿ ವಿಲಿಯಮ್ಸ್ ಎಂಬ ಅಮೆರಿಕನ್ ಫುಟ್‌ಬಾಲ್ ಆಟಗಾರನಿಗೆ ನ್ಯೂ ಆರ್ಲಿಯನ್ಸ್ ಸೇಂಟ್ಸ್ ಜೊತೆ ಮಾಡಿಸಿದ ಒಪ್ಪಂದವನ್ನು ಇಡೀ ಕ್ರೀಡಾಲೋಕ ಆಡಿಕೊಂಡಿತು. ಖಾತರಿ ಹಣ ಕಮ್ಮಿ, ಇಷ್ಟು ಓಡಿದರೆ ಇಷ್ಟು ದುಡ್ಡು ಎನ್ನುವ ಷರತ್ತುಗಳೇ ಜಾಸ್ತಿ. ತನಗಾಗಿ 85 ಗಿಟ್ಟಿಸಿಕೊಂಡವನ ಸಂಸ್ಥೆಯಿಂದ ಇಂಥ ಒಪ್ಪಂದ!

ಆದರೆ ನನ್ನ ಲೆಕ್ಕದಲ್ಲಿ ದೊಡ್ಡ ಏಟು ಬಿದ್ದಿದ್ದು ಬೇರೆ ಕಡೆ. ಪಾಲು, ಹಣದ ವಿಷಯದಲ್ಲಿ ಹೊಂದಾಣಿಕೆ ಆಗದೆ ಬೀಟ್ಸ್ ಬೈ ದ ಪೌಂಡ್ ತಂಡ 1999ರಲ್ಲಿ ಹೊರಟುಹೋಯಿತು. ನೋ ಲಿಮಿಟ್‌ಗೆ ಒಂದು ದನಿ ಅಂತ ಇದ್ದರೆ ಅದು ಅವರದು. ಟ್ಯಾಂಕ್ ಉಳಿಯಿತು, ಇಂಜಿನ್ ಹೋಯಿತು. ಲೇಬಲ್ಲಿನಲ್ಲಿ ಹಾಡುತ್ತಿದ್ದ ಮಿಸ್ಟಿಕಲ್, ಫೀಂಡ್, ಮಿಯಾ ಎಕ್ಸ್ ಕೂಡ ಒಬ್ಬೊಬ್ಬರಾಗಿ ದೂರವಾದರು. ಮಿಸ್ಟಿಕಲ್ 2000ದಲ್ಲಿ ಜೈವ್ ಕಂಪನಿಯಿಂದ ತಂದ ಆಲ್ಬಂ ನೇರ ಮೊದಲ ಸ್ಥಾನಕ್ಕೆ ಹೋಯಿತು. ಮಾಸ್ಟರ್ ನಮ್ಮದೇ ಆಗಿರಬೇಕು ಎಂಬ ಹಟ ಪಿಯನ್ನು ಬೆಳೆಸಿತು, ಒಪ್ಪೋಣ. ಆದರೆ ಆ "ನಮ್ಮದು" ಎಷ್ಟು ಜನರನ್ನು ಒಳಗೊಂಡಿತ್ತು? ನನಗೆ ಕಾಣುವಂತೆ ಅವನನ್ನೂ ಅವನ ಮನೆಯವರನ್ನೂ ಬಿಟ್ಟರೆ ಹೆಚ್ಚು ಜನ ಅದರಲ್ಲಿ ಇರಲಿಲ್ಲ.

ಅಷ್ಟರಲ್ಲಿ ಪಿಯ ಊರಾದ ನ್ಯೂ ಆರ್ಲಿಯನ್ಸ್‌ನದೇ ಕ್ಯಾಶ್ ಮನಿ ಎದ್ದು ನಿಂತಿತ್ತು. ರ‍್ಯಾಪರ್ ಬರ್ಡ್‌ಮ್ಯಾನ್ ಮತ್ತು ಅವನ ಅಣ್ಣ ಸ್ಲಿಮ್ ಕಟ್ಟಿದ ಲೇಬಲ್ ಅದು. 1998ರಲ್ಲಿ ಯೂನಿವರ್ಸಲ್ ಎಂಬ ದೊಡ್ಡ ಕಂಪನಿಯ ಜೊತೆ, ಮಾಸ್ಟರ್ ತಮ್ಮಲ್ಲೇ ಇಟ್ಟುಕೊಂಡು, ಒಪ್ಪಂದ ಮಾಡಿಕೊಂಡಿತು. ಪಿ ಹಾಕಿದ ದಾರಿಯಲ್ಲೇ ನಡೆದು ಪಿಯ ಗಿರಾಕಿಗಳನ್ನೇ ಸೆಳೆದುಕೊಂಡಿತು. ಮುಂದೆ ನೋ ಲಿಮಿಟ್ ಕೂಡ ಪ್ರಯಾರಿಟಿ ಬಿಟ್ಟು ಯೂನಿವರ್ಸಲ್‌ಗೆ ಹೋಗಿ 'ನ್ಯೂ ನೋ ಲಿಮಿಟ್' ಆಯಿತು. ಹೊಸ ಹೆಸರು ಹಳೇ ದಿನಗಳನ್ನು ತರಲಿಲ್ಲ. ಹಳೆಯ ಕಂಪನಿ 2003ರ ಡಿಸೆಂಬರಿನಲ್ಲಿ ದಿವಾಳಿ ಅರ್ಜಿ ಹಾಕಿತು.

ನಿಮ್ಮ ಲೇಬಲ್ ಬಗ್ಗೆ ಎರಡು ಮಾತು. ಇವತ್ತು ಕ್ಯಾಸೆಟ್ ಅಚ್ಚು ಹಾಕುವ ಖರ್ಚಿಲ್ಲ, ಫೋನಿನಿಂದಲೇ ಹಾಡು ಎಲ್ಲ ಆ್ಯಪ್‌ಗಳಿಗೂ ಹೋಗುತ್ತೆ. ಹಾಗಾಗಿ ಬರೀ ವಿತರಣೆಗೆ ನೂರಕ್ಕೆ 85 ಉಳಿಸಿಕೊಳ್ಳುವುದು ಈಗ ಪವಾಡವೇನಲ್ಲ. ನೋ ಲಿಮಿಟ್‌ಗೆ ದೊಡ್ಡ ಏಟು ಬಿದ್ದಿದ್ದೂ ಒಳಗಿನವರ ಪಾಲಿನ ವಿಷಯದಲ್ಲೇ. ಆದ್ದರಿಂದ ಹೊರಗಿನ ಕಂಪನಿಯ ಜೊತೆಗಿನ ಒಪ್ಪಂದಕ್ಕಿಂತ ಮೊದಲು ನಿಮ್ಮ ಗೆಳೆಯರ ಜೊತೆಗಿನದನ್ನು ಬರೆದಿಡಿ. ಬೀಟ್ ಮಾಡುವ ಹುಡುಗನಿಗೆ ಎಷ್ಟು, ಮಾಸ್ಟರ್ ಯಾರ ಹೆಸರಲ್ಲಿ, ಒಬ್ಬ ಬಿಟ್ಟುಹೋದರೆ ಅವನ ಹಾಡು ಯಾರದು. ಕಾಗದದ ಮೇಲೆ, ಸಹಿ ಹಾಕಿ. ಬಾಯಿಮಾತು ಬೇಡ.

ಕೇಳೋಕೆ ಎಲ್ಲಿಂದ ಶುರು ಮಾಡಲಿ ಅಂದಿದ್ದೀರಿ. ಪಿಯ ಆಲ್ಬಂಗಳಿಂದ ಬೇಡ. ಮಿಯಾ ಎಕ್ಸ್‌ಳ 1997ರ 'ಅನ್‌ಲೇಡಿ ಲೈಕ್' ಹಿಡಿಯಿರಿ. ಇಡೀ ಲೇಬಲ್‌ನಲ್ಲಿ ಅವಳಷ್ಟು ಗಟ್ಟಿಯಾಗಿ ಬರೆಯುವವರು ಕಡಿಮೆ. ಆಮೇಲೆ ಫೀಂಡ್‌ನ 1998ರ 'ದೇರ್ಸ್ ಒನ್ ಇನ್ ಎವ್ರಿ ಫ್ಯಾಮಿಲಿ'. ಕೆ.ಎಲ್.ಸಿ. ಕಟ್ಟಿದ ಡ್ರಮ್ ಏನು ಅಂತ ಒಳ್ಳೆಯ ಇಯರ್‌ಫೋನ್ ಹಾಕಿಕೊಂಡು ಕೇಳಿ. ಸಿಲ್ಕ್ ದ ಶಾಕರ್‌ನ 'ಚಾರ್ಜ್ ಇಟ್ ಟು ಡಾ ಗೇಮ್' ಮಾತ್ರ ಮುಖಪುಟ ನೋಡಿದರೆ ಸಾಕು. ಕ್ರೆಡಿಟ್ ಕಾರ್ಡಿನ ಚಿತ್ರ ಇದೆ, ಹಾಡಿಗಿಂತ ಅದೇ ಚೆನ್ನಾಗಿದೆ.

— ಸಂಪಾದಕ