ಸ್ಟೇನ್‌ಲೆಸ್ ಸ್ಟೀಲಿಗೂ ಬಿರುಕು: ಕ್ಯಾಮೆರಾ ಇಳಿಸಿದರೆ ಸಾಕೇ?

ಕ್ಯಾಲಿಫೋರ್ನಿಯಾದ ಸ್ಯಾನ್ ಡಿಯೇಗೊ ಬಳಿಯಿಂದ ಓದುಗರೊಬ್ಬರು ಬರೆದಿದ್ದಾರೆ: “ಮುಚ್ಚಿಹೋದ ಸ್ಯಾನ್ ಒನೊಫ್ರೆ ಅಣುಸ್ಥಾವರದ ಬಳಸಿದ ಇಂಧನವನ್ನು ಕಡಲ ದಂಡೆಯಲ್ಲೇ ಸ್ಟೀಲ್ ಡಬ್ಬಗಳಲ್ಲಿ ಇಟ್ಟಿದ್ದಾರೆ. ಉಪ್ಪು ಗಾಳಿಗೆ ಬಿರುಕು ಬಿಡುತ್ತವೆ ಎಂದು ಕೆಲವರು ಹೇಳುತ್ತಾರೆ. ಕ್ಯಾಮೆರಾ ಇಳಿಸಿ ನೋಡುತ್ತಾರೆ, ಚಿಂತೆ ಬೇಡ ಎಂದು ಇನ್ನು ಕೆಲವರು. ನೋಡಿದರೆ ಗೊತ್ತಾಗುತ್ತದಾ?”

ಸಂಪಾದಕರ ಉತ್ತರ:

ಕ್ಯಾಮೆರಾ ಬೇಕೇ ಬೇಕು. ಆದರೆ ಅದೊಂದೇ ಸಾಲದು.

ನಿಮ್ಮ ದಂಡೆಯಲ್ಲಿ ಇಂಧನ ತುಂಬಿದ 123 ಡಬ್ಬಗಳಿವೆ. ಅವುಗಳಲ್ಲಿ ಹೊಸದಾದ 73ರ ಗೋಡೆ ಸುಮಾರು 16 ಮಿಲಿಮೀಟರ್ ದಪ್ಪ. ಒಳಗೆ ಹೀಲಿಯಂ ತುಂಬಿ ಮುಚ್ಚಳವನ್ನು ಬೆಸೆದುಬಿಟ್ಟಿದ್ದಾರೆ. ಹೊರಗೆ ಕಾಂಕ್ರೀಟ್ ಕವಚ. ಕವಚದ ಕಿಂಡಿಯಿಂದ ಗಾಳಿ ನುಗ್ಗಿ, ಡಬ್ಬವನ್ನು ಸವರಿಕೊಂಡು ಮೇಲೆ ಹೋಗುತ್ತದೆ. ಡಬ್ಬ ತಣಿಯುವುದು ಹೀಗೆ. ಕಡಲ ಉಪ್ಪು ಒಳಗೆ ಬರುವುದೂ ಹೀಗೇ.

ಸ್ಟೇನ್‌ಲೆಸ್ ಸ್ಟೀಲನ್ನು ಕಾಯುವುದು ಕ್ರೋಮಿಯಂ ಆಕ್ಸೈಡಿನ ತೆಳು ಪದರ. ಉಪ್ಪಿನ ಕ್ಲೋರೈಡ್ ಅದನ್ನು ಅಲ್ಲಲ್ಲಿ ಕೊರೆದು ಸಣ್ಣ ಕುಳಿ ಮಾಡುತ್ತದೆ. ಕುಳಿ ಅಷ್ಟಕ್ಕೇ ನಿಲ್ಲಲೂಬಹುದು. ಆದರೆ ಬೆಸುಗೆಯ ಅಕ್ಕಪಕ್ಕ ಹಾಗಲ್ಲ. ಬೆಸೆದ ಜಾಗ ಆರುವಾಗ ಲೋಹ ಎಳೆದುಕೊಂಡು, ಆ ಬಿಗಿತ ಅಲ್ಲೇ ಉಳಿದಿರುತ್ತದೆ. ಕುಳಿಯ ತುದಿಯನ್ನು ಅದು ಸೀಳುತ್ತಾ ಹೋಗುತ್ತದೆ. ಬಿರುಕು ಕೂದಲೆಳೆಯಷ್ಟು ಸಣ್ಣದು, ಕವಲೊಡೆಯುತ್ತಾ ಒಳಗಿಳಿಯುತ್ತದೆ. ಮೇಲೆ ಕಂಡರೆ ಒಂದು ಕಂದು ಕಲೆ ಕಾಣಬಹುದು, ಅಷ್ಟೇ.

ಇನ್ನೊಂದು ವಿಷಯವನ್ನು ಜನರಿಗೆ ಯಾರೂ ಸರಿಯಾಗಿ ಬಿಡಿಸಿ ಹೇಳುವುದಿಲ್ಲ. ಡಬ್ಬ ಬಿಸಿಯಾಗಿರುವಷ್ಟು ಕಾಲ ಈ ಅಪಾಯ ಕಡಿಮೆ. ಒಣ ಉಪ್ಪು ಸುಮ್ನೆ ಕೂತಿರುತ್ತದೆ. ಅದು ತೇವ ಹೀರಿ ಕರಗಿದ ಮೇಲೆಯೇ ಕೆಲಸ ಶುರು. ಮಳೆಗಾಲದಲ್ಲಿ ನಮ್ಮ ಕರಾವಳಿಯ ಅಡುಗೆಮನೆಗಳಲ್ಲಿ ಉಪ್ಪಿನ ಭರಣಿ ನೀರೊಡೆಯುತ್ತದಲ್ವಾ, ಅದೇ. ಅಡುಗೆ ಉಪ್ಪು ಕರಗಲು ಗಾಳಿಯ ತೇವಾಂಶ ಶೇ 75ರಷ್ಟಿರಬೇಕು. ಕಡಲ ಉಪ್ಪಿನೊಳಗಿನ ಮೆಗ್ನೀಷಿಯಂ ಕ್ಲೋರೈಡಿಗೆ ಸುಮಾರು ಶೇ 33 ಸಾಕು. ಬಿಸಿ ಗೋಡೆಯ ಬಳಿ ಗಾಳಿ ಅಷ್ಟೂ ತೇವ ಉಳಿಸಿಕೊಳ್ಳುವುದಿಲ್ಲ. ವರ್ಷಗಳು ಕಳೆದಂತೆ ಇಂಧನದ ಕಾವು ಇಳಿಯುತ್ತದೆ, ಆಗ ಉಪ್ಪು ಒದ್ದೆಯಾಗುತ್ತದೆ. ಹಾಗಾಗಿ ‘ಇಷ್ಟು ವರ್ಷ ಏನೂ ಆಗಿಲ್ಲ’ ಎಂಬ ಮಾತನ್ನು ಮುಂದಿನ ವರ್ಷಗಳಿಗೆ ಜಾಮೀನು ಎಂದು ನಾನು ಒಪ್ಪಲಾರೆ.

ಇದು ಬರೀ ಊಹೆಯಲ್ಲ. 2009ರಲ್ಲಿ ಸ್ಯಾನ್ ಒನೊಫ್ರೆಯ ಸ್ಟೇನ್‌ಲೆಸ್ ಪೈಪುಗಳಲ್ಲೇ ಇಂಥ ಬಿರುಕು ಸಿಕ್ಕಿದ್ದವು. ದಕ್ಷಿಣ ಆಫ್ರಿಕಾದ ಕೋಬರ್ಗ್ ಸ್ಥಾವರದ ನೀರಿನ ಟ್ಯಾಂಕುಗಳಲ್ಲೂ ಕಂಡಿವೆ. 2014ರಲ್ಲಿ ಕ್ಯಾಲಿಫೋರ್ನಿಯಾದ್ದೇ ಡಯಾಬ್ಲೊ ಕ್ಯಾನ್ಯನ್ ಅಣುಸ್ಥಾವರದಲ್ಲಿ ಡಬ್ಬದ ಮೇಲಿನ ಧೂಳು ತೆಗೆದು ನೋಡಿದಾಗ ಕಡಲ ಉಪ್ಪಿನ ಕಣಗಳಿದ್ದವು. ಪೈಪು, ಟ್ಯಾಂಕುಗಳು ಇಂಧನದ ಡಬ್ಬಗಳಲ್ಲ, ನಿಜ. ಡಬ್ಬವೊಂದು ಹೀಗೆ ಸೀಳಿ ಸೋರಿದ ವರದಿಯೂ ಇಲ್ಲ. ಹಾಗೆಂದು ಕಣ್ಣು ಮುಚ್ಚಿ ಕೂರುವ ಹಾಗಿಲ್ಲ.

ಹಾಗಾದರೆ ಹುಡುಕುವುದು ಹೇಗೆ? ಡಬ್ಬಕ್ಕೂ ಕವಚಕ್ಕೂ ನಡುವೆ ಇರುವುದು ಕೆಲವೇ ಇಂಚು ಜಾಗ. ಅಲ್ಲಿ ವಿಕಿರಣ ಇದೆ, ಸೆಕೆ ಇದೆ, ಮನುಷ್ಯ ಇಳಿಯುವಂತಿಲ್ಲ. ಕಿಂಡಿಯಿಂದ ರೋಬೋಟ್ ಇಳಿಸಬೇಕು. ಕ್ಯಾಮೆರಾ ಕಲೆ ತೋರಿಸುತ್ತದೆ, ಆಳ ತೋರಿಸುವುದಿಲ್ಲ. ಲೋಹದಲ್ಲಿ ಸುಳಿಯಂತೆ ವಿದ್ಯುತ್ ಹರಿಸಿ ನೋಡುವ ಎಡ್ಡಿ ಕರೆಂಟ್ ಪರೀಕ್ಷೆ ಮೇಲ್ಮೈ ಬಿರುಕನ್ನು ಹಿಡಿಯುತ್ತದೆ. ಆಳಕ್ಕೆ ಅಲ್ಟ್ರಾಸೌಂಡ್ ಬೇಕು, ಆದರೆ ಆಸ್ಪತ್ರೆಯಲ್ಲಿ ಸ್ಕ್ಯಾನಿಗೆ ಹಚ್ಚುವಂತೆ ಇಲ್ಲಿ ಜೆಲ್ ಹಚ್ಚಲಾಗದು. ಅದಕ್ಕೇ ಪೆನ್ ಸ್ಟೇಟ್ ವಿಶ್ವವಿದ್ಯಾಲಯದವರು ಲೋಹದೊಳಗೆ ಕಾಂತದ ನೆರವಿನಿಂದಲೇ ಧ್ವನಿ ಅಲೆ ಹುಟ್ಟಿಸುವ ಸೆನ್ಸರ್ ಹೊತ್ತ ರೋಬೋಟ್ ರೂಪಿಸಿದರು. ಲೇಸರ್ ಹೊಡೆದು ಮೇಲ್ಮೈಯ ಕ್ಲೋರಿನ್ ಅಳೆಯುವ ಉಪಕರಣವೂ ಅವರ ಯೋಜನೆಯಲ್ಲಿತ್ತು. ನನಗೆ ಇದು ಮುಖ್ಯ ಅನಿಸುತ್ತದೆ. ಬಿರುಕು ಬರುವ ಮೊದಲೇ ಉಪ್ಪು ಎಷ್ಟು ಕೂತಿದೆ ಎಂದು ಗೊತ್ತಾದರೆ ಯಾವ ಡಬ್ಬವನ್ನು ಮೊದಲು ನೋಡಬೇಕು ಎಂಬುದು ತಿಳಿಯುತ್ತದೆ.

ಡಬ್ಬಗಳ ತಪಾಸಣೆ, ನಿರ್ವಹಣೆಯ ಯೋಜನೆಗೆ ಕ್ಯಾಲಿಫೋರ್ನಿಯಾ ಕರಾವಳಿ ಆಯೋಗ 2020ರ ಜುಲೈನಲ್ಲಿ ಒಪ್ಪಿಗೆ ಕೊಟ್ಟಿದೆ. ನಿಮ್ಮಲ್ಲಿ ಸಮುದಾಯ ಸಮಿತಿಯ ಸಾರ್ವಜನಿಕ ಸಭೆಗಳೂ ನಡೆಯುತ್ತವೆ. ಹೋಗಿ ಕೇಳಿ: ತಪಾಸಣೆಗೆ ಆರಿಸಿದ್ದು ಎಲ್ಲಕ್ಕಿಂತ ತಣ್ಣಗಿರುವ ಡಬ್ಬವೇ? ಬೆಸುಗೆಯ ಉದ್ದಕ್ಕೂ ನೋಡಿದ್ದೀರಾ? ಉಪ್ಪು ಅಳೆದಿದ್ದೀರಾ? ಕಲೆ ಸಿಕ್ಕರೆ ಆಳ ಅಳೆಯುವ ಉಪಕರಣ ನಿಮ್ಮ ಕೈಯಲ್ಲಿ ಈಗಲೇ ಇದೆಯಾ? ಉತ್ತರ ಬಂದರೆ ನಮಗೂ ಬರೆಯಿರಿ, ಇದೇ ಪುಟದಲ್ಲಿ ಪ್ರಕಟಿಸುತ್ತೇವೆ.