ಆಟೋಕ್ಲೇವ್ ಇದ್ದರೆ ಸಾಲದೇ?

ಪ್ರಶ್ನೆ: ದಂತವೈದ್ಯರ ಕ್ಲಿನಿಕ್ಕಿನಲ್ಲಿ ಸಹಾಯಕಿಯಾಗಿ ಸೇರಿದ್ದೇನೆ. ಉಪಕರಣಗಳನ್ನು ಆಟೋಕ್ಲೇವಿನಲ್ಲಿ (ಒತ್ತಡದ ಹಬೆಯಿಂದ ರೋಗಾಣುಗಳನ್ನು ಕೊಲ್ಲುವ ಯಂತ್ರ) ಇಟ್ಟರೆ ಸಾಲದೇ, ಸೋಂಕು ತಡೆಯ ತರಬೇತಿಯೂ ಬೇಕೇ?

ಉತ್ತರ: ಖಂಡಿತ ಬೇಕು. ರಕ್ತ, ಜೊಲ್ಲು ಅಂಟಿದ ಉಪಕರಣವನ್ನು ದಪ್ಪ ಕೈಗವಸು ತೊಟ್ಟು ಮೊದಲು ಚೆನ್ನಾಗಿ ತೊಳೆದು ಒಣಗಿಸದಿದ್ದರೆ, 121 ಡಿಗ್ರಿ ಸೆಲ್ಸಿಯಸ್ ಹಬೆಯೂ ಕೊಳೆಯ ಅಡಿಯಲ್ಲಿ ಅಡಗಿದ ರೋಗಾಣುವನ್ನು ತಲುಪದೆ ಹೋಗಬಹುದು. ಉಪಕರಣ ಇಟ್ಟ ಪೌಚಿನ (ಚೀಲದ) ಮೇಲಿನ ಗುರುತಿನ ಬಣ್ಣ ಬದಲಾದ ಮಾತ್ರಕ್ಕೆ ರೋಗಾಣುಗಳು ಸತ್ತಿವೆ ಎಂದು ನಂಬಬಾರದು. ವಾರಕ್ಕೊಮ್ಮೆ ಸ್ಪೋರ್ ಪರೀಕ್ಷೆಯನ್ನೂ, ಅಂದರೆ ಸುಲಭಕ್ಕೆ ಸಾಯದ ಬ್ಯಾಕ್ಟೀರಿಯಾ ಬೀಜಕಗಳು ಯಂತ್ರದಲ್ಲಿ ಸಾಯುತ್ತವೆಯೇ ಎಂಬ ಪರೀಕ್ಷೆಯನ್ನೂ ಮಾಡಬೇಕು. ಹಲ್ಲು ಕೊರೆಯುವ ಹ್ಯಾಂಡ್‌ಪೀಸನ್ನು ಬರಿದೆ ಒರೆಸಿ ಮುಂದಿನ ರೋಗಿಗೆ ಬಳಸುವುದು ನನ್ನ ದೃಷ್ಟಿಯಲ್ಲಿ ಅಕ್ಷಮ್ಯ.

ನಿಮ್ಮ ರಕ್ಷಣೆಯೂ ಅಷ್ಟೇ ಮುಖ್ಯ. ಹೆಪಟೈಟಿಸ್ ಬಿ ಲಸಿಕೆಯ ಮೊದಲ ಡೋಸನ್ನು ತಡಮಾಡದೆ ಹಾಕಿಸಿಕೊಂಡು, ಉಳಿದೆರಡನ್ನು 1 ಮತ್ತು 6 ತಿಂಗಳ ಬಳಿಕ ತಪ್ಪದೆ ಪಡೆಯಿರಿ. ಬಳಸಿದ ಸೂಜಿಗೆ ಎರಡೂ ಕೈಗಳಿಂದ ಮುಚ್ಚಳ ಹಾಕಬೇಡಿ. ಚುಚ್ಚಿಕೊಂಡರೆ ಗಾಯವನ್ನು ಹಿಂಡದೆ ಸೋಪು ನೀರಿನಿಂದ ತೊಳೆದು, ಕೂಡಲೇ ವೈದ್ಯರಿಗೆ ತಿಳಿಸಿ. ಎಚ್‌ಐವಿ ತಡೆಯುವ ಔಷಧವನ್ನು 72 ಗಂಟೆಗಳೊಳಗೆ ಆರಂಭಿಸಬೇಕಾಗುತ್ತದೆ.